ಅಳಿವೆಯಲ್ಲಿ ಅಡ್ಡ ಹಿಡಿದ ದೋಣಿ

ಕಥೆ ಹೇಳುವುದರಲ್ಲಿ ಸಿನಿಮಾ ಮೇಲೋ ಸೀರಿಯಲ್ ಮೇಲೋ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಸಿನಿಮಾ ಎಂದೇ ಹೇಳುತ್ತೇನೆ. ಈ ಒಂದು ವಿಷಯದಲ್ಲಿ ನಾನು ಮಹಾ ಹಟಮಾರಿ. ಮನೆಮನೆಗೆ ವಿ.ಸಿ.ಡಿ. ಪ್ಲೇಯರ್ ಬಂದ ಕಾಲದಲ್ಲಿ ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ಸಿನಿಮಾ ಸಿ.ಡಿ.ಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟವನು ನಾನು. ಮನೆ ಕಾರವಾರದ ಕೋಡಿಬಾಗದಲ್ಲಿ. ಮಧ್ಯಾಹ್ನ ಊಟ ಮಾಡಿ ಬಸ್ ಹತ್ತಿದರೆ ಮೂರೂವರೆಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ. ಬಂದವರಿಗೆ ಬರೀ ಸಿ.ಡಿ. ಕೊಟ್ಟು ಕಳಿಸುವ ಜಾಯಮಾನ ನನ್ನದಲ್ಲ. ಯಾವುದರಲ್ಲಿ ಕಥೆ ಗಟ್ಟಿ, ಯಾವುದರಲ್ಲಿ ಬರೀ ಹಾಡು, ಯಾವುದರ ಎರಡನೆಯ ಡಿಸ್ಕ್ ನೋಡದಿದ್ದರೂ ನಡೆಯುತ್ತದೆ ಎಂದು ಭಾಷಣ ಬಿಗಿಯುತ್ತಿದ್ದೆ. ಏಳೂವರೆಯಾಯಿತೆಂದರೆ ಗಿರಾಕಿಗಳು ನನ್ನ ಭಾಷಣ ಅರ್ಧಕ್ಕೇ ಬಿಟ್ಟು ಸೀರಿಯಲ್ ನೋಡಲು ಮನೆಗೆ ಓಡುತ್ತಿದ್ದರು. ಆಗ ನನಗೆ ಮೈ ಉರಿಯುತ್ತಿತ್ತು.

ಸೀರಿಯಲ್ ಎಂದರೆ ಏನು ಮಹಾ? ಒಬ್ಬಳ ಕೈಯಿಂದ ಆರತಿ ತಟ್ಟೆ ಜಾರಿದರೆ ಅದು ನೆಲ ಮುಟ್ಟಲು ಒಂದು ವಾರ ಬೇಕು. ಅಷ್ಟರಲ್ಲಿ ಮನೆಯ ಹನ್ನೆರಡು ಜನರ ಮುಖವನ್ನು ಮೂರು ಮೂರು ಸಲ ತೋರಿಸುತ್ತಾರೆ. ಸಿನಿಮಾದವನಿಗೆ ತಾನು ಎಲ್ಲಿ ಹೊರಟಿದ್ದೇನೆ, ಎಲ್ಲಿ ಮುಟ್ಟಬೇಕು ಎಂದು ಮೊದಲೇ ಗೊತ್ತಿರುತ್ತದೆ. ಸೀರಿಯಲ್‌ನವನಿಗೆ ನಾಳೆಯದೇ ಗೊತ್ತಿರುವುದಿಲ್ಲ. ಹೀಗೆಂದು ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಆಡಿಕೊಂಡು ತಿರುಗುತ್ತಿದ್ದೆ. ಯಾವ ಸೀರಿಯಲ್ಲನ್ನೂ ಒಂದು ಕಂತು ಪೂರ್ತಿ ಕೂತು ನೋಡಿದವನಲ್ಲ, ಆ ಮಾತು ಬೇರೆ.

ಆ ವರ್ಷ ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿದ ಹೊಸದರಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಅಪ್ಪ ತಾಂಡೇಲನಾಗಿದ್ದವನು, ಅಂದರೆ ಚುಕ್ಕಾಣಿ ಹಿಡಿದು ದೋಣಿಯ ಜನರನ್ನೆಲ್ಲ ನಡೆಸುವವನು. ಅವನು ಕೂಗಿದರೆ ನದಿಯ ಆಚೆ ದಂಡೆಯ ದೇವಬಾಗದಲ್ಲಿ ಕೇಳುತ್ತದೆ ಎಂದು ನಮ್ಮ ಕೇರಿಯವರು ತಮಾಷೆ ಮಾಡುತ್ತಿದ್ದರು. ಅಂಥವನ ಬಲಗೈ ಬಿತ್ತು, ಬಾಯಿ ಓರೆಯಾಯಿತು, ಮಾತು ಪೂರಾ ನಿಂತಿತು. ಕೈ ಎರಡು ತಿಂಗಳಲ್ಲಿ ಅಷ್ಟಿಷ್ಟು ಆಡತೊಡಗಿತು. ಮಾತು ಮಾತ್ರ ಬರಲಿಲ್ಲ. "ಮೊದಲ ಆರು ತಿಂಗಳು ಮುಖ್ಯ. ಸುಮ್ಮನೆ ಮಲಗಿಸಬೇಡಿ, ಮಾತಾಡಿಸ್ತಾ ಇರಿ. ಆಮೇಲೆ ಬರೋದು ಕಷ್ಟ" ಎಂದು ಡಾಕ್ಟರು ಮೊದಲ ವಾರವೇ ಹೇಳಿದ್ದರು. ನಾವು ಹೇಳಿದ್ದು ಅಪ್ಪನಿಗೆ ಅರ್ಥವಾಗುತ್ತದೆ, ಹೊರಗೆ ಬರಬೇಕಾದದ್ದು ಬರುತ್ತಿಲ್ಲ ಎಂದೂ ವಿವರಿಸಿದ್ದರು.

ಆರು ತಿಂಗಳೊಳಗೆ ಅಪ್ಪನನ್ನು ಮಾತಾಡಿಸಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟೆ. ಅದಕ್ಕೆ ನನಗೆ ಗೊತ್ತಿದ್ದ ದಾರಿ ಸಿನಿಮಾ ಒಂದೇ. ನನಗೆ ಸಿನಿಮಾ ಹುಚ್ಚು ಹಿಡಿಸಿದವನೂ ಅಪ್ಪನೇ. ಮಳೆಗಾಲದಲ್ಲಿ ಮೀನುಗಾರಿಕೆ ಬಂದಾಗಿ ದೋಣಿ ದಡದಲ್ಲಿರುವಾಗ ಅವನು ನನ್ನನ್ನು ಕರೆದುಕೊಂಡು ಕಾರವಾರದ ಟಾಕೀಸಿಗೆ ಹೋಗುತ್ತಿದ್ದ. ಹಾಗಾಗಿ ದಿನವೂ ಬೆಳಿಗ್ಗೆ ಹತ್ತಕ್ಕೆ ಅವನನ್ನು ದಿಂಬಿಗೆ ಒರಗಿಸಿ ಕೂರಿಸಿ, ಅಂಗಡಿಯಲ್ಲಿದ್ದುದರಲ್ಲೇ ಒಳ್ಳೊಳ್ಳೆಯ ಸಿನಿಮಾ ಹಾಕಲು ಶುರು ಮಾಡಿದೆ. ಮೊದಲ ಡಿಸ್ಕ್ ಮುಗಿದು ಎರಡನೆಯದನ್ನು ಹಾಕುವ ಮೊದಲು "ಅಪ್ಪಾ, ಈಗ ಅಂವ ಏನ್ ಮಾಡ್ತಾ ಹೇಳು" ಎಂದು ಕೇಳುತ್ತಿದ್ದೆ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ಎರಡನೆಯ ಡಿಸ್ಕಿನಲ್ಲಿ ಎಲ್ಲಕ್ಕೂ ಉತ್ತರ ಸಿಗುತ್ತಿತ್ತು. ಕಥೆ ಮುಗಿಯುತ್ತಿತ್ತು. ಅಪ್ಪ ಹೇಳಬೇಕಾದದ್ದೇನೂ ಉಳಿಯುತ್ತಿರಲಿಲ್ಲ.

ಇದರ ಜೊತೆಗೇ ನಾನು ಇನ್ನೊಂದು ಕೆಲಸ ಮಾಡಿದೆ. ಸೀರಿಯಲ್‌ಗಳ ಗದ್ದಲ ಅಪ್ಪನ ತಲೆಗೆ ಒಳ್ಳೆಯದಲ್ಲ ಎಂದು ಮನೆಯ ಕೇಬಲ್ ತೆಗೆಸಿಹಾಕಿದೆ. ಡಾಕ್ಟರು ಹಾಗೇನೂ ಹೇಳಿರಲಿಲ್ಲ, ನನ್ನದೇ ತೀರ್ಪು. ಆಯಿ, ಅಂದರೆ ನನ್ನ ಅಮ್ಮ, ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ.

"ತಮಾ, ನಿನ್ನ ಸಿನಿಮಾ ನೀ ತೋರ್ಸು. ನಾ ಪಕ್ಕದ ಮನೇಲಿ ನೋಡ್ಕಂಡ್ ಬತ್ತೆ. ನನ್ನ ಕಥೆ ನಾ ಹೇಳ್ತೆ" ಎಂದಳು.

ಹೇಳಿದಂತೆಯೇ ಮಾಡಿದಳು. ಸಂಜೆ ಏಳೂವರೆಗೆ ಪಕ್ಕದ ಮನೆಗೆ ಹೋಗಿ ಸೀರಿಯಲ್ ನೋಡಿ ಬರುವುದು, ಮರುದಿನ ಬೆಳಿಗ್ಗೆ ಅಪ್ಪನಿಗೆ ಗಂಜಿ ಉಣಿಸುವಾಗ ಹಿಂದಿನ ಸಂಜೆಯ ಕಥೆ ಹೇಳುವುದು. ನಾನು ಅಲ್ಲೇ ಪೇಪರ್ ಹಿಡಿದು ಕೂತಿರುತ್ತಿದ್ದೆ. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅದೊಂದು ತಾಂಡೇಲನ ಸಂಸಾರದ ಕಥೆ. ಅತ್ತೆ, ಸೊಸೆ, ಒಬ್ಬ ಕೆಟ್ಟ ಮೈದುನ, ಒಂದು ದೋಣಿ. ಆಯಿ ನಡುನಡುವೆ "ಕೇಳ್ದ್ರಾ?" ಎಂದು ಅಪ್ಪನನ್ನು ಕೇಳಿ, ಅವನು ಕಣ್ಣು ಮಿಟುಕಿಸಿದ ಮೇಲೆಯೇ ಮುಂದಿನ ಚಮಚ ಬಾಯಿಗಿಡುತ್ತಿದ್ದಳು.

ಕಥೆಯ ತುಂಬ ತಪ್ಪುಗಳು. ನೂಲುಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಡುವ ಮೊದಲೇ ಆ ತಾಂಡೇಲ ದೋಣಿ ಇಳಿಸಿದನಂತೆ. ನಾನು ಪೇಪರಿನಿಂದ ತಲೆಯೆತ್ತಿ, "ಕಾಯಿ ಬಿಡದೆ ಯಾರ್ ದೋಣಿ ಇಳಸ್ತ್ರು ಆಯಿ?" ಎಂದೆ. ಇನ್ನೊಂದು ದಿನ ತಾಂಡೇಲ ದೋಣಿಯ ಮುಂತುದಿಯಲ್ಲಿ ಕೂತು ಬೀಡಿ ಸೇದುತ್ತಿದ್ದನಂತೆ. "ಅಂವ ಮುಂದೆ ಕೂತ್ರೆ ಹಿಂದೆ ಚುಕ್ಕಾಣಿ ಯಾರ್ ಹಿಡೂದು?" ಎಂದೆ. ಮತ್ತೊಂದು ದಿನ ಸೊಸೆ ಪೇಟೆಯಲ್ಲಿ ಬೆರಳುದ್ದದ ತಾರ್ಲೆ ಮೀನನ್ನು ತುಂಡು ಮಾಡಿ ಮಾರಿದಳಂತೆ. ನಾನು ಬಿದ್ದು ಬಿದ್ದು ನಕ್ಕೆ. "ತಾರ್ಲೆ ಯಾರ್ ತುಂಡ್ ಮಾಡ್ತ್ರು ಮಾರಾಯ್ತಿ! ನೋಡು, ಇದೇ ನಿನ್ನ ಸೀರಿಯಲ್ ಹಣೆಬರ."

"ನೀ ಸ್ವಲ್ಪ ಬಾಯ್ ಮುಚ್ಕಂಡ್ ಕುಳ್ಳು" ಎಂದು ಆಯಿ ಗದರಿದಳು. ಸೀರಿಯಲ್ ಬೈದದ್ದಕ್ಕೆ ಸಿಟ್ಟು ಎಂದುಕೊಂಡೆ. ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದ ಹೆಂಗಸಿಗೆ ತಾರ್ಲೆಯನ್ನು ಯಾರೂ ತುಂಡು ಮಾಡುವುದಿಲ್ಲ ಎಂದು ಗೊತ್ತಿಲ್ಲವೇ? ಈ ಪ್ರಶ್ನೆ ನನ್ನ ತಲೆಯೊಳಗೆ ಬಂದೇ ಇಲ್ಲವೆನ್ನಲಾರೆ. ಅಪ್ಪನ ಚಾಕರಿಯಲ್ಲಿ ನಿದ್ದೆಗೆಟ್ಟು ಅವಳಿಗೂ ಮರೆವು ಶುರುವಾಗಿದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಪಾಪ ಅನ್ನಿಸಿತು, ಆದರೂ ತಿದ್ದುವುದನ್ನು ಬಿಡಲಿಲ್ಲ.

ನಾಲ್ಕು ತಿಂಗಳು ಕಳೆದವು. ಕಪಾಟಿನ ಅತ್ಯುತ್ತಮ ಸಿನಿಮಾಗಳೆಲ್ಲ ಮುಗಿದು, ನೋಡಿದ್ದನ್ನೇ ಮತ್ತೆ ಹಾಕತೊಡಗಿದೆ. ಅಪ್ಪ ಒಂದು ಅಕ್ಷರ ಆಡಲಿಲ್ಲ. ನನಗೆ ಹೆದರಿಕೆ ಹುಟ್ಟಿತು. ಹೆದರಿಕೆಯಾದಷ್ಟೂ ಹಟ ಹೆಚ್ಚಾಗಿ, ಎಂಟಕ್ಕೇ ಶುರು ಮಾಡಿ ದಿನಕ್ಕೆರಡು ಸಿನಿಮಾ ಹಾಕಿದೆ. ಒಂದು ದಿನ ಅಪ್ಪ ಎಡಗೈಯಿಂದ ರಿಮೋಟನ್ನು ಮಂಚದ ಕೆಳಗೆ ತಳ್ಳಿದ. ಕೈ ತಾಗಿ ಬಿತ್ತು ಎಂದೇ ನಾನು ನಂಬಿದೆ.

ಐದನೆಯ ತಿಂಗಳ ಒಂದು ಬೆಳಿಗ್ಗೆ ನನಗೆ ಏಳುವುದು ತಡವಾಗಿ, ಗಂಜಿಯ ಹೊತ್ತಿಗೆ ಅಂಗಳದ ಬಾವಿಕಟ್ಟೆಯಲ್ಲಿ ಸ್ನಾನ ಮಾಡುತ್ತಿದ್ದೆ. ಒಳಗಿನಿಂದ ಆಯಿಯ ದನಿ ಕೇಳುತ್ತಿತ್ತು. ಅವತ್ತು ತಾಂಡೇಲನ ದೋಣಿ ಮೀನು ತುಂಬಿಕೊಂಡು ಅಳಿವೆಗೆ ಬಂದಿತ್ತು. ಕಾಳಿ ನದಿ ಸಮುದ್ರ ಸೇರುವ ನಮ್ಮ ಅಳಿವೆ ಎಂಥದ್ದು ಎಂದು ಕೋಡಿಬಾಗದ ಮಕ್ಕಳಿಗೂ ಗೊತ್ತು. ಇಳಿತದ ನೀರು ಹೊರಗೆ ನುಗ್ಗುವಾಗ, ಕಡಲಿನ ಅಲೆ ಒಳಗೆ ನುಗ್ಗುವಾಗ, ದೋಣಿ ಅಲೆಗೆ ನೇರವಾಗಿರಬೇಕು. ಸ್ವಲ್ಪ ಅಡ್ಡವಾದರೂ ಮಗುಚುತ್ತದೆ.

"ಅಲೆ ಬಂತು ನೋಡಿ, ತೆಂಗಿನ ಮರದಷ್ಟ್ ಎತ್ರ" ಎನ್ನುತ್ತಿದ್ದಳು ಆಯಿ. "ತಾಂಡೇಲ ಗಾಬರಿ ಆಗ್ಲಿಲ್ಲ. ಚುಕ್ಕಾಣಿ ತಿರ್ಗ್ಸಿ ದೋಣಿ ಪೂರ್ತಿ ಅಡ್ಡ ಹಿಡ್ದಾ. ಅಡ್ಡ ಹಿಡ್ಕಂಡೇ..."

"ನೇರಾ!"

ನನ್ನ ಕೈಯಲ್ಲಿದ್ದ ತಂಬಿಗೆ ಕಲ್ಲಿನ ಮೇಲೆ ಬಿತ್ತು. ಅದು ಅಪ್ಪನ ದನಿ. ಸೀಳಿದ, ಒರಟಾದ, ಅರ್ಧ ಗಂಟಲಲ್ಲೇ ಉಳಿದ ದನಿ, ಆದರೆ ಅಪ್ಪನದೇ. ಒದ್ದೆ ಪಂಚೆಯಲ್ಲೇ ಒಳಗೆ ಓಡಿದೆ. ಅಪ್ಪ ದಿಂಬಿನಿಂದ ಮುಂದೆ ಬಾಗಿ, ಎಡಗೈ ಚಾಚಿ, ಆಯಿಯನ್ನು ನುಂಗುವ ಹಾಗೆ ನೋಡುತ್ತಿದ್ದ. "ನೇರಾ... ಹಿಡಿ! ನೇರಾ..." ಎಂದು ಇನ್ನೊಮ್ಮೆ ಕೂಗಿ, ಕೊನೆಗೊಂದು ಬೈಗುಳವನ್ನೂ ಸೇರಿಸಿದ. ಆ ಬೈಗುಳ ಎಷ್ಟು ಸ್ಪಷ್ಟವಾಗಿ ಬಂತೆಂದರೆ ನಾನು ಬಾಗಿಲ ಚೌಕಟ್ಟು ಹಿಡಿದು ಅತ್ತುಬಿಟ್ಟೆ. ಆಯಿ ಅಳಲಿಲ್ಲ. ಗಡ್ಡದ ಮೇಲೆ ಚೆಲ್ಲಿದ್ದ ಗಂಜಿಯನ್ನು ಸೆರಗಿನಿಂದ ಒರೆಸಿ, "ನಂಗೆಂತಾ ಗುತ್ತು? ನಾ ಎಂದಾದ್ರೂ ದೋಣಿ ಹತ್ತಿದ್ನಾ? ನೀವೇ ಹೇಳಿ, ಹ್ಯಾಂಗ್ ಹಿಡೀಬೇಕಾಗಿತ್ತು?" ಎಂದಳು.

ಅವತ್ತು ಅಂಗಡಿಗೆ ಹೋಗುವಾಗ ನನಗೆ ಮೊದಲ ಸಲ ಸೀರಿಯಲ್ ಮೇಲೆ ಗೌರವ ಹುಟ್ಟಿತ್ತು. ಹಾಳಾದದ್ದು, ಆ ದೋಣಿಯನ್ನು ನೋಡಿಯೇ ಬಿಡೋಣ ಎಂದು ಏಳೂವರೆಗೆ ಅಂಗಡಿಯ ಟಿ.ವಿ.ಗೆ ಪಕ್ಕದ ಟೇಲರ್ ಅಂಗಡಿಯ ಕೇಬಲ್ ಎಳೆಸಿಕೊಂಡು ಕೂತೆ. ಅರ್ಧ ಗಂಟೆ ಕಣ್ಣು ಮಿಟುಕಿಸದೆ ನೋಡಿದೆ. ದೊಡ್ಡ ಬಂಗಲೆ, ಸುತ್ತು ಮೆಟ್ಟಿಲು, ಒಡವೆ ಹೇರಿಕೊಂಡ ಹೆಂಗಸರು. ದೋಣಿ ಹಾಗಿರಲಿ, ಒಂದು ನಲ್ಲಿಯೂ ಕಾಣಲಿಲ್ಲ.

"ಇದ್ರಲ್ಲಿ ತಾಂಡೇಲನ ದೋಣಿ ಯಾವಾಗ ಬರೂದು?" ಎಂದು ಟೇಲರನನ್ನು ಕೇಳಿದೆ. ಅವನು ಒಂದು ದಿನವೂ ತಪ್ಪಿಸದೆ ನೋಡುವವನು.

"ಎಂತಾ ದೋಣಿ ಮಾರಾಯಾ? ಇವ್ರು ಮನೆ ಬಿಟ್ಟು ಹೊರಗೇ ಹೋಗ್ಲಿಲ್ಲ ಇಲ್ಲೀವರೆಗೆ" ಎಂದ.

ಮನೆಗೆ ಬಂದವನು ಆಯಿಯನ್ನು ಅಡಿಗೆಮನೆಗೆ ಕರೆದು ಕೇಳಿದೆ. ಅವಳು ಮೀನು ಸಾರಿನ ಪಾತ್ರೆಯ ಮುಚ್ಚಳ ತೆಗೆಯುತ್ತಾ ಏನೂ ಆಗದವರ ಹಾಗೆ ಹೇಳಿದಳು. "ಆ ಬಂಗ್ಲೆ ಕಥೆ ಹೇಳ್ರೆ ನಿನ್ನಪ್ಪಂಗೆ ಎಂತಾ ಆಗೂದದೆ? ಅತ್ತೆ ಸೊಸೆ ಅದ್ರಲ್ಲೇ ಇದ್ದವ್ರು. ದೋಣಿ ನಾ ಹಾಕ್ದೆ. ದಿನಾ ಒಂದ್ ತಪ್ಪು ಇಡ್ತಿದ್ದೆ, ಅವ್ರು ಸಿಟ್ ಬಂದಾದ್ರೂ ಬಾಯ್ ಬಿಡ್ಲಿ ಅಂತ. ಅವ್ರ ತುಟಿ ಅಲ್ಗೂಕೆ ಶುರುವಾಗೂದ್ರೊಳಗೆ ನೀ ಬಾಯ್ ಹಾಕಿ ತಿದ್ದಿಬಿಡ್ತಿದ್ದೆ. ಇವತ್ತೊಂದಿನ ನೀ ಬಾವಿ ಹತ್ರ ಇದ್ದೆ, ಪುಣ್ಯ."

ನನಗೆ ನಿಂತಲ್ಲೇ ಮುಖ ಬಿಸಿಯಾಯಿತು. ನಾಲ್ಕು ತಿಂಗಳು ಅವಳು ಅಪ್ಪನಿಗೆಂದು ಇಟ್ಟ ಜಾಗದಲ್ಲಿ ನಾನು ಹೋಗಿ ಕೂತಿದ್ದೆ. ಕಾಯಿ, ಚುಕ್ಕಾಣಿ, ತಾರ್ಲೆ, ಎಲ್ಲವೂ ಅವನು ಹೇಳಬೇಕಾದ ಉತ್ತರಗಳು. ಜಾಣತನ ತೋರಿಸಲು ಹೋಗಿ ನಾನೇ ಅವನ ಬಾಯಿ ಕಟ್ಟಿದ್ದೆ ಎಂದು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ಮೇಲೆ ಬಸ್ಸಿನಲ್ಲಿ ಕೂತು ಎಷ್ಟೋ ದಿನ ಯೋಚಿಸಿದ್ದುಂಟು. ನಾನು ಹಾಕಿದ ಸಿನಿಮಾಗಳಲ್ಲಿ ಹೊಲಿಗೆ ಬಿಗಿಯಾಗಿತ್ತು. ನೋಡುವವನು ಸುಮ್ಮನೆ ಕೂತರೆ ಸಾಕು, ಎಲ್ಲ ಅವರೇ ಮುಗಿಸಿ ಕೊಡುತ್ತಿದ್ದರು. ಸುಮ್ಮನೆ ಕೂರುವುದನ್ನು ಅಪ್ಪ ಆಗಲೇ ಬೇಕಾದಷ್ಟು ಕಲಿತಿದ್ದ. ಸೀರಿಯಲ್ ಸಡಿಲ. ದಿನವೂ ಅರ್ಧಕ್ಕೆ ನಿಲ್ಲುತ್ತದೆ, ನಾಳೆಯವರೆಗೆ ಖಾಲಿ ಬಿದ್ದಿರುತ್ತದೆ. ಆ ಖಾಲಿಯಲ್ಲಿ ಆಯಿ ಒಂದು ದೋಣಿ ತಂದು ನಿಲ್ಲಿಸಿದಳು. ಇದನ್ನು ಒಪ್ಪಿಕೊಂಡರೂ ಸೀರಿಯಲ್ ಒಳ್ಳೆಯದು ಎಂದು ನನ್ನ ಬಾಯಲ್ಲಿ ಹೇಳಿಸಲು ಯಾರಿಂದಲೂ ಆಗುವುದಿಲ್ಲ. ಒಳ್ಳೆಯದಾಗಿದ್ದದ್ದು ಆಯಿ.

ಅಪ್ಪನ ಮಾತು ಒಂದೊಂದಾಗಿ ಬರತೊಡಗಿತು. "ನೇರಾ", "ಬೇಡಾ", "ನೀರು". ಒಂದು ದಿನಕ್ಕೆ ಒಂದು ಶಬ್ದ, ಕೆಲವು ದಿನ ಅದೂ ಇಲ್ಲ. ಎರಡು ಶಬ್ದ ಕೂಡಿಸುವುದೇ ದೊಡ್ಡ ಕಷ್ಟ. ಡಾಕ್ಟರು ಹೇಳಿದ ಆರು ತಿಂಗಳಿಗೆ ಮೂರು ವಾರ ಉಳಿದಿರುವಾಗ ಹಟ್ಟಿಕೇರಿಯಲ್ಲಿ ಆಯಿಯ ಅಣ್ಣನ ಹೆಂಡತಿ ತೀರಿಕೊಂಡಳು. ಆಯಿ ಹೋಗಲೇಬೇಕಾಯಿತು. ಹೋಗುವಾಗ "ಕಥೆ ನಿಲ್ಸಬೇಡಾ. ತಪ್ ಹೇಳು, ಹೇಳಿ ಸುಮ್ನಿರು" ಎಂದು ನನಗೆ ಎರಡೆರಡು ಸಲ ಹೇಳಿ ಬಸ್ ಹತ್ತಿದಳು.

ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲು ಹಿಡಿದು ಅಪ್ಪನ ಮುಂದೆ ಕೂತೆ. "ದೋಣಿ?" ಎಂದ ಅಪ್ಪ. ನನಗೂ ಉತ್ಸಾಹ ಬಂತು. ನೂರಾರು ಸಿನಿಮಾ ಅರೆದು ಕುಡಿದವನು ನಾನು, ಒಂದು ದೋಣಿಯ ಕಥೆ ಯಾವ ಲೆಕ್ಕ? ಸೂರ್ಯೋದಯದಿಂದ ಶುರು ಮಾಡಿದೆ. ಕಡಲು ಬಂಗಾರದ ಬಣ್ಣಕ್ಕೆ ತಿರುಗಿತು. ದೂರದಿಂದ ದೋಣಿಯೊಂದು ಚುಕ್ಕೆಯಂತೆ ಕಾಣಿಸಿತು. ತಾಂಡೇಲನ ಕಣ್ಣಲ್ಲಿ ಹಳೆಯ ನೆನಪು ಬಂತು, ಅವನ ಬಾಲ್ಯಕ್ಕೂ ಹೋಗಿ ಬಂದೆ. ಮೈದುನನ ಮೋಸ ಬಯಲಾಯಿತು. ಎಲ್ಲ ಮುಗಿಸಿ, ಕೊನೆಗೆ ಅಳಿವೆಯಲ್ಲಿ ದೋಣಿಯನ್ನು ಚೆನ್ನಾಗಿ ಅಡ್ಡ ಹಿಡಿಸಿ, ಬಾಯಿ ಮುಚ್ಚಿಕೊಂಡು ಕಾದೆ.

ಅಪ್ಪ ನನ್ನನ್ನೇ ನೋಡಿದ. ಕೂಗಲಿಲ್ಲ. ಬಟ್ಟಲಿನಲ್ಲಿ ಗಂಜಿ ಆರಿ ಕೆನೆ ಕಟ್ಟಿತ್ತು, ಒಂದು ಚಮಚವೂ ಅವನ ಬಾಯಿಗೆ ಹೋಗಿರಲಿಲ್ಲ. ತುಟಿ ಎರಡು ಸಲ ಅಲುಗಿ ನಿಂತಿತು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ.

"ನಿಂಗೆ..." ಎಂದ. ಉಸಿರೆಳೆದುಕೊಂಡ. "ಕಥೆ... ಹೇಳುಕೆ... ಬರೂದಿಲ್ಲ." ಮತ್ತೆ ಉಸಿರೆಳೆದುಕೊಂಡ. "ಆಯಿ... ಬರ್ಲಿ."

ಬಟ್ಟಲು ಅಲ್ಲೇ ಇಟ್ಟು ಪಕ್ಕದ ಮನೆಗೆ ಓಡಿ ಹಟ್ಟಿಕೇರಿಗೆ ಫೋನ್ ಹಚ್ಚಿದೆ. ಆಯಿಯನ್ನು ಕರೆಸಿ, ಅಪ್ಪ ಹೇಳಿದ್ದನ್ನು ಒಂದು ಶಬ್ದ ಬಿಡದೆ, ಅವನು ನಿಲ್ಲಿಸಿದ ಕಡೆಯೆಲ್ಲ ನಿಲ್ಲಿಸಿ ಹೇಳಿದೆ. ಆಚೆಯಿಂದ ಅವಳು ಮೂಗೆಳೆದುಕೊಂಡದ್ದು ಕೇಳಿಸಿತು.

"ಹನ್ನೊಂದರ ಬಸ್ಸಿಗೆ ಬತ್ತೆ" ಎಂದಳು.