ಹಿಡಿ ಅಕ್ಕಿಯ ಸುವಾರ್ತಮ್ಮ

ದೇವದುರ್ಗದ ಸುವಾರ್ತಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಇರಲಿಬಿಡಿ, ಇಪ್ಪತ್ತೊಂದು ವರ್ಷ ಶನಿವಾರ ತಪ್ಪದೆ ಮನೆಮನೆ ತಿರುಗಿದವಳಿಗೆ ಅಷ್ಟಾದರೂ ಬಾಯಿ ಬೇಡವೇ! ಅವರ ಚರ್ಚಿನ ಹೆಣ್ಣುಮಕ್ಕಳು ಅನ್ನಕ್ಕಿಡುವಾಗ ದಿನಾ ಒಂದು ಹಿಡಿ ಅಕ್ಕಿಯನ್ನು ದೇವರ ಪಾಲೆಂದು ಡಬ್ಬಿಗೆ ಹಾಕಿಡುತ್ತಾರೆ. ಅದನ್ನು ಕೂಡಿಸಿ ಚರ್ಚಿಗೆ ತರುವವಳು ಇವಳು. ಸಭೆಯಲ್ಲಿ ಯಾರಿಗೆ ತೊಂದರೆಯೋ ಅವರಿಗೆ ಮುಟ್ಟಿಸುವವಳೂ ಇವಳೇ. ಹಳೆ ಸೀರೆಯಿಂದ ತಾನೇ ಹೊಲಿದ ಚೀಲದಲ್ಲಿ ತುಂಬಿ, ಯಾರ ಕಣ್ಣಿಗೂ ಬೀಳದಂತೆ ಹಿತ್ತಲ ಬಾಗಿಲಿಗೆ ಒಯ್ದು, "ಕರ್ತ ಕೊಟ್ಟಾನ, ತಗೋರಿ" ಎಂದು ಮೆಲ್ಲಗೆ ಹೇಳಿ ಬಂದುಬಿಡುತ್ತಿದ್ದಳು. ಬಡವರ ಮಾನ ಕಾಯುವುದು ಹೀಗೆಯೇ ಎಂದು ಅವಳ ಗಟ್ಟಿ ನಂಬಿಕೆ.

ಹೋದ ವರ್ಷ ಅವಳ ಗಂಡ ಯೋನಪ್ಪ ರಾಯಚೂರಿನಲ್ಲಿ ಗಾರೆ ಕೆಲಸಕ್ಕೆ ಹೋದಾಗ ಕಟ್ಟಡದ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಮಾನ್ವಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಕೊಡುತ್ತೇವೆಂದು ಇವಳಿಗೆ ಮಾತು ಕೊಟ್ಟಿದ್ದರು. ಇವಳು ಬಸ್ಸಿಳಿದು ಹೋಗಿ ನೋಡಿದರೆ ಒಲೆಯ ಮುಂದೆ ಆಗಲೇ ಇನ್ನೊಬ್ಬಳು ನಿಂತಿದ್ದಳು. ಹತ್ತಿ ಬಿಡಿಸುವ ಕೂಲಿಯೂ ನಿಂತುಹೋಯಿತು. ದಿನಾ ಬೆಳಿಗ್ಗೆ ಮೊಣಕಾಲೂರಿ ದೇವರ ಜೊತೆ ಜಗಳಕ್ಕೆ ಕೂರುತ್ತಿದ್ದಳು. "ಯೇಸಪ್ಪಾ, ನನ್ನ ಮ್ಯಾಲೆ ಸಿಟ್ಟದ ಅಂದ್ರ ನೆಟ್ಟಗ ಹೇಳು! ಸುಮ್ನ ಕುಂದ್ರಬ್ಯಾಡ." ಹಾಗೆ ಬೈದು, ಅತ್ತು, ಎದ್ದ ಮೇಲೆಯೇ ಗಂಡನನ್ನು ಎತ್ತಿ ಕೂರಿಸುವ ಬಲ ಬರುತ್ತಿತ್ತು. ಕೇಳುವವನು ಒಬ್ಬನಿದ್ದಾನೆ ಅನ್ನುವುದೇನು ಕಡಿಮೆ ಮಾತೇ?

ಒಂದು ಶನಿವಾರ ಅಕ್ಕಿಯನ್ನೆಲ್ಲ ಚರ್ಚಿನಲ್ಲಿ ಸುರಿದು, ಕೆಲಸ ಕೇಳಲು ನಾಲ್ಕು ಕಡೆ ತಿರುಗಿ ಮನೆಗೆ ಬಂದಳು. ತನ್ನ ಹಿತ್ತಲ ಬಾಗಿಲಲ್ಲೊಂದು ಚೀಲ! ಹೊಲಿಗೆ ತನ್ನದೇ, ಒಳಗಿನ ಅಕ್ಕಿ ತಾನೇ ತಂದದ್ದು. ಸುವಾರ್ತಮ್ಮ ಕೆಂಡಾಮಂಡಲವಾದಳು. ಚೀಲವನ್ನು ಬಗಲಿಗೇರಿಸಿ ದಡದಡ ಪಾಸ್ಟರ ಮನೆಗೆ ನಡೆದಳು.

"ನನಗ್ಯಾಕ್ರೀ ಅಯ್ನೋರ ಇದು? ಸುವಾರ್ತಮ್ಮ ಇನ್ನೂ ಸತ್ತಿಲ್ಲ!"

"ಚರ್ಚಿನ ಕಮಿಟಿಯವರೆಲ್ಲ ಕೂಡಿ ಮಾಡ್ಯಾರವ್ವ. ಸಿಟ್ಟಾಗಬ್ಯಾಡ."

"ಕಮಿಟಿಗೆ ನೀವೇ ಹೇಳ್ರಿ," ಎಂದವಳೇ ಚೀಲ ಕುಕ್ಕಿ ಬಂದಳು.

ಮನೆಯಲ್ಲಿ ಒಂದು ಕಾಳು ಅಕ್ಕಿ ಇರಲಿಲ್ಲ. ಮಂಚದ ಮೇಲಿಂದ ಯೋನಪ್ಪ ಕೇಳಿದ, "ವಾಪಸ್ ಕೊಟ್ಟಿಯೇನು?"

"ಹೂಂ. ನಾ ಕೊಡಾಕಿ, ತಗೊಳ್ಳಾಕಿ ಅಲ್ಲ."

"ಹಂಗಾರ ಇಷ್ಟು ವರ್ಷ ತಗೊಂಡವರೆಲ್ಲ ನಿನಗಿಂತ ಸಣ್ಣವರೇನು?"

ಸುವಾರ್ತಮ್ಮ ಹಿತ್ತಲ ಬಾಗಿಲಿಗೆ ಹೋಗಿ ಹೊಸ್ತಿಲ ಮೇಲೆ ಕೂತಳು. ಹಿತ್ತಲ ಬಾಗಿಲಿಗೆ ಕದ್ದುಮುಚ್ಚಿ ಒಯ್ದು ತಾನು ಅವರ ಮಾನ ಕಾಯ್ದಳೋ, ತಗೊಳ್ಳುವುದು ನಾಚಿಕೆಗೇಡು ಅಂತ ತಾನೇ ಕಲಿಸಿಕೊಟ್ಟಳೋ? ಅವರಿಗೆಲ್ಲ ಕರ್ತ ಕೊಟ್ಟಾನೆ ಎಂದವಳು, ತನಗೆ ಮಾತ್ರ ಕಮಿಟಿ ಕೊಟ್ಟಿತು ಅಂದುಕೊಂಡಳಲ್ಲ! ಮೊಣಕಾಲೂರಿದಳು. ಅವತ್ತು ಜಗಳವಾಡಲಿಲ್ಲ. "ತಪ್ಪಾತು ನನ್ನಪ್ಪಾ, ತಗೊಳ್ಳೋದಕ್ಕೂ ಗಟ್ಟಿ ಎದಿ ಬೇಕು, ಅದನ್ನೂ ನೀನೇ ಕೊಡು," ಎಂದು ಹೊಟ್ಟೆ ತುಂಬ ಅತ್ತಳು.

ಮರುದಿನ ಭಾನುವಾರ. ಆರಾಧನೆ ಮುಗಿಯುವ ಹೊತ್ತಿಗೆ ಸುವಾರ್ತಮ್ಮ ಎದ್ದು ಪೀಠದ ಮುಂದೆ ಹೋಗಿ ನಿಂತಳು. ತಲೆ ಬಾಗಿಸಲಿಲ್ಲ.

"ಅಯ್ನೋರ, ನಮ್ಮ ಮನ್ಯಾಗ ಅಕ್ಕಿ ಇಲ್ಲ. ನಿನ್ನೆ ಸೊಕ್ಕಿಗೆ ಬಿಟ್ಟು ಬಂದೆ. ಈಗ ಕೊಡ್ರಿ, ಹಿತ್ತಲಕ್ಕ ಬ್ಯಾಡ, ಎಲ್ಲಾರ ಮುಂದ ಇಲ್ಲೇ ಕೊಡ್ರಿ. ನಮ್ಮಪ್ಪನ ಮನ್ಯಾಗಿಂದು ತಗೊಳ್ಳಾಕ ನನಗ್ಯಾತರ ನಾಚಿಕಿ?"

ಪಾಸ್ಟರು ಚೀಲ ತಂದು ಎರಡೂ ಕೈಯಿಂದ ಕೊಟ್ಟರು. ಆಗ ಕೊನೆಯ ಸಾಲಿನಲ್ಲಿ ಕರುಣಮ್ಮ ಎದ್ದಳು. ಮೂರು ವರ್ಷದಿಂದ ಅವಳ ಹಿತ್ತಲಿಗೂ ಅಕ್ಕಿ ಹೋಗುತ್ತಿದ್ದದ್ದು ನೆರೆಮನೆಯವರಿಗೂ ಗೊತ್ತಿರಲಿಲ್ಲ. ಸೆರಗು ಸರಿ ಮಾಡಿಕೊಂಡು, ಸಾಲುಗಳ ನಡುವೆ ನಡೆದು ಬಂದು, ಸುವಾರ್ತಮ್ಮನ ಪಕ್ಕದಲ್ಲೇ ನಿಂತಳು.

"ಅಯ್ನೋರ, ನನ್ನ ಚೀಲಾನೂ ಇಲ್ಲೇ ಕೊಟ್ಟುಬಿಡ್ರಿ."