ದೇವಾಪುರದಾಕಿ

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎಂದು ಯಾರಾದರೂ ಹೇಳಿದರೆ ನಾನು ಒಂದು ಕಾಲದಲ್ಲಿ ಅವರ ಎದುರಿಗೇ ನಕ್ಕುಬಿಡುತ್ತಿದ್ದೆ. ರಾತ್ರಿ ಹೊಟ್ಟೆ ಬಿರಿಯುವಂತೆ ಉಂಡು ಮಲಗಿದವರಿಗೆ ಏನೇನೋ ಕೇಳಿಸುತ್ತದೆ ಎಂಬುದು ನನ್ನ ತೀರ್ಮಾನವಾಗಿತ್ತು. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಕರೆದರೂ ಮೊದಲ ಕರೆಗೆ ಓಗೊಡಬಾರದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ನಾನು ಬೇಕೆಂದೇ ಮೊದಲ ಕರೆಗೇ ಓ ಎನ್ನುತ್ತಿದ್ದೆ. ಈಗ ನಾನು ಹೇಳಲಿರುವುದು ನಡೆದದ್ದು ರಾತ್ರಿಯಲ್ಲ, ಹಾಡುಹಗಲು. ಹೊಟ್ಟೆಯಲ್ಲಿ ಬೆಳಗಿನ ಒಂದು ರೊಟ್ಟಿ ಬಿಟ್ಟರೆ ಬೇರೇನೂ ಇರಲಿಲ್ಲ. ಹೊಟ್ಟೆಕಿಚ್ಚು ಮಾತ್ರ ಬೇಕಾದಷ್ಟಿತ್ತು, ಅದನ್ನೇಕೆ ಮುಚ್ಚಿಡಲಿ.

ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳು ಅವು. ನನ್ನ ಗಂಡ ಯಾದಗಿರಿ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತರಾಗಿದ್ದರು. ಒಂದು ಬೇಸಗೆಯಲ್ಲಿ ಊರಿಗೆ ವಾಂತಿಭೇದಿ ಬಂತು. ಅದಕ್ಕೆ ಮೊಟ್ಟಮೊದಲು ಬಲಿಯಾದವಳು ಸ್ಟೇಷನ್ನಿನ ಮುಸಾಫಿರಖಾನೆಯಲ್ಲಿ ಮಲಗಿದ್ದ ಪರವೂರ ಹೆಂಗಸು. ಅವಳ ಹೆಸರಾಗಲಿ ಊರಾಗಲಿ ಯಾರಿಗೂ ಗೊತ್ತಿರಲಿಲ್ಲ. ಮಗ್ಗುಲಲ್ಲಿ ಮಾತು ಇನ್ನೂ ಸರಿಯಾಗಿ ಬಾರದ ಒಂದು ಹೆಣ್ಣುಕೂಸು, ಅದಕ್ಕೆ ಹೊದಿಸಿದ್ದ ಒಂದು ಕೌದಿ. ರೋಗ ಹರಡೀತೆಂದು ಸ್ಟೇಷನ್ನಿನವರು ಅಂದು ಸಂಜೆಯೇ ಹೆಣವನ್ನು ಸುಡಿಸಿದರು.

ನಮ್ಮ ಸೀಮೆಯಲ್ಲಿ ಸತ್ತವರಿಗೆ ಮಣ್ಣು ಕೊಡುವವರೇ ಹೆಚ್ಚು, ಬೆಂಕಿ ಕೊಡುವ ಮನೆಗಳು ಕಡಿಮೆ. ನಮ್ಮದು ಬೆಂಕಿ ಕೊಡುವ ಮನೆ. ಹಾಗಾಗಿ ನನ್ನ ಗಂಡ, ಅವಳ ಕಡೆಯವರು ಬಂದು ಬೂದಿ ಕೇಳಿಯೇ ಕೇಳುತ್ತಾರೆ ಎಂದುಕೊಂಡು, ಒಂದು ಹಿಡಿಯಷ್ಟನ್ನು ಕುಡಿಕೆಗೆ ತುಂಬಿಸಿ, ಬಟ್ಟೆಯಲ್ಲಿ ಕಟ್ಟಿಸಿ, ಗೂಡ್ಸ್ ಶೆಡ್ಡಿನ ಹಿಂದಿನ ಬೇವಿನ ಮರಕ್ಕೆ ತೂಗುಹಾಕಿಸಿದರು. ಅದನ್ನು ಮನೆಯೊಳಗೆ ತರಬಾರದು, ನೆಲಕ್ಕೂ ಇಡಬಾರದು. ಮಳೆಗಾಲ ಬಂತು, ಹೋಯಿತು. ಬಟ್ಟೆಯ ಬಣ್ಣ ಹೋಗಿ ಬೆಳ್ಳಗಾಯಿತು. ಯಾರೂ ಬರಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ಕೂಸನ್ನು ನಾನೇ ಮನೆಗೆ ಎತ್ತಿಕೊಂಡು ಬಂದೆ. ಕೇಳಿದರೆ ನಿಂಗಿ ಎಂದು ತನ್ನ ಹೆಸರು ಹೇಳುತ್ತಿತ್ತು. ಅವ್ವನ ಹೆಸರೇನು ಎಂದರೆ, ಇದೆಂಥ ದಡ್ಡ ಪ್ರಶ್ನೆ ಎನ್ನುವಂತೆ ನೋಡಿ, ಯವ್ವ ಎನ್ನುತ್ತಿತ್ತು. ಅದರ ತಲೆಯ ಸಿಕ್ಕು ಬಿಡಿಸಿದೆ, ಹಾಲು ಕಾಸಿ ಕುಡಿಸಿದೆ, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಬೆಳಗು ಮಾಡಿದೆ. ನನ್ನ ಗಂಡ ಬೆಲ್ಲದ ಚೂರು ಕೊಟ್ಟದ್ದೇ ತಡ ಅವರಿಗೆ ಅಪ್ಪ ಎಂದಳು. ಅತ್ತೆಗೆ ಆಯಿ ಎಂದಳು. ನನಗೆ ಮಾತ್ರ ಹೆಸರೇ ಇಲ್ಲ. ಏನಾದರೂ ಬೇಕಾದರೆ ಬಂದು ಸೆರಗು ಜಗ್ಗುತ್ತಿದ್ದಳು. ಒಂದು ವರ್ಷ ದಾಟಿ ಎರಡನೆಯದೂ ಮುಗಿಯುತ್ತ ಬಂದಿತ್ತು, ಇನ್ನೂ ಸೆರಗೇ.

ಆ ಕೌದಿಯೋ ನನ್ನ ಕಣ್ಣಿನ ಕಸವಾಗಿತ್ತು. ಅದನ್ನು ಕುದಿಯುವ ನೀರಿಗೆ ಹಾಕಿ ಎಷ್ಟು ಸಲ ತೊಳೆದಿದ್ದೆನೋ. ಆದರೂ ನಿಂಗಿ ರಾತ್ರಿ ಅದರ ಒಂದು ಮೂಲೆಯನ್ನು ಮೂಗಿಗೆ ಹಿಡಿದುಕೊಂಡೇ ಮಲಗುತ್ತಿದ್ದಳು. ಹೈದರಾಬಾದಿನಿಂದ ಬಟ್ಟೆ ತರಿಸಿ ಅವಳಿಗಾಗಿ ಹೊಸ ರಜಾಯಿ ಹೊಲಿಸಿದೆ. ನಿದ್ದೆಯಲ್ಲೇ ಅದನ್ನು ಒದ್ದು ಕೆಳಗೆ ಹಾಕಿದಳು. ಒಂದು ದಿನ ಗೂಡ್ಸ್ ಶೆಡ್ಡಿನ ಹಿಂದೆ ಹೋಗಿ ಆ ಗಂಟನ್ನೇ ನೋಡುತ್ತ ನಿಂತೆ. ಸತ್ತು ಬೂದಿಯಾಗಿ ಮರದಲ್ಲಿ ನೇತಾಡುವ ಹೆಂಗಸಿಗೆ ಇಷ್ಟು ಗಟ್ಟಿ ಹಿಡಿತವೇ ಎಂದು ಮೈಯೆಲ್ಲ ಉರಿಯಿತು. ಅತ್ತೆ ಬೇರೆ ಉರಿಯುವುದಕ್ಕೆ ಎಣ್ಣೆ ಹೊಯ್ದರು. ಗಂಟು ಅಲ್ಲಿರುವ ತನಕ ಅವಳು ಕೂಸನ್ನು ಬಿಡುವುದಿಲ್ಲ, ನೀರಿಗೆ ಬಿಡಬೇಕು, ಆದರೆ ಹೆಸರು ಕರೆದು ಬಿಡಬೇಕು, ಹೆಸರಿಲ್ಲದೆ ಬಿಟ್ಟರೆ ಎಲ್ಲಿಗೆ ಹೋದಾಳು ಎಂದರು. ನನಗೆ ನಂಬಿಕೆ ಇರಲಿಲ್ಲ. ಆದರೆ ಅವಳನ್ನು ಕಳಿಸಿಬಿಡಬೇಕು ಎಂಬ ಆಸೆ ಇತ್ತು. ಆಸೆ ಇದ್ದಾಗ ನಂಬಿಕೆಯ ಗೊಡವೆ ಯಾರಿಗೆ ಬೇಕು?

ಆ ಹೆಸರು ಹುಡುಕುವ ದಾರಿ ನಮ್ಮ ಬಾಗಿಲಿಗೇ ಬಂತು. ಕೊಂಕಲ್ ಹಳ್ಳಿಯ ಒಬ್ಬ ಹೆಂಗಸು ಬದನೆಕಾಯಿ ಮಾರುತ್ತ ಬಂದವಳು, ಹಗ್ಗದ ಮೇಲೆ ಒಣಹಾಕಿದ್ದ ಕೌದಿ ಕಂಡು ಬುಟ್ಟಿ ಇಳಿಸಿ ನಿಂತುಬಿಟ್ಟಳು. ಅದರ ಮೂಲೆಯನ್ನು ಬೆರಳಲ್ಲಿ ಹಿಸುಕಿ, "ಇದು ದೇವಾಪುರದಾಕಿ ಕೈಯಿ" ಎಂದಳು. ಸುರಪುರದ ಹತ್ತಿರದ ದೇವಾಪುರದವಳಂತೆ. ಸುಗ್ಗಿ ಮುಗಿದ ಮೇಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೂರಿಗೆ ಹೋಗಿ, ಮನೆಮನೆಯ ಹಳೆ ಸೀರೆಗಳಿಂದ ಕೌದಿ ಹೊಲಿದುಕೊಡುತ್ತಿದ್ದಳಂತೆ. ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ನಾಲ್ಕು ಜೋಳದ ಕಾಳು ಇಟ್ಟು ಹೊಲಿಗೆ ಹಾಕುತ್ತಿದ್ದಳು, ಹಸಿದ ಕೌದಿ ಮಕ್ಕಳಿಗೆ ಹೊದಿಸಬಾರದು ಎನ್ನುತ್ತಿದ್ದಳು. ಕೂತಲ್ಲಿ ನಗು, ನಿಂತಲ್ಲಿ ಹಾಡು, ಅವಳು ಬಂದರೆ ಓಣಿಗೆ ಓಣಿಯೇ ಅವಳ ಸುತ್ತ ಸೇರುತ್ತಿತ್ತು. ಹೆಸರೇನು ಎಂದು ಕೇಳಿದೆ. ಆ ಹೆಂಗಸು ಬಹಳ ಹೊತ್ತು ಯೋಚಿಸಿ, ನಾವೆಲ್ಲ ದೇವಾಪುರದಾಕಿ ಅಂತಲೇ ಕರೆಯುತ್ತಿದ್ದೆವು ಎಂದಳು.

ಅವಳು ಹೋದ ಮೇಲೆ ಬದನೆಕಾಯಿ ಹೆಚ್ಚುತ್ತ ಕೂತೆ. ಹೆಸರೂ ನೆನಪಿಲ್ಲ, ಹೊಗಳಿಕೆ ಮಾತ್ರ ಬಾಯಿತುಂಬ. ನಾನು ಸತ್ತರೆ ನನ್ನ ಬಗ್ಗೆ ಒಂದು ಓಣಿ ಇಷ್ಟು ಮಾತಾಡೀತೇ? ಅಂದಿನ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದೆ.

ದೇವಾಪುರಕ್ಕೆ ಹೋಗುವುದೆಂದರೆ ಸುಮ್ಮನಲ್ಲ. ಅವಳ ಕಡೆಯವರು ಸಿಕ್ಕರೆ ಹೆಸರು ಸಿಗುತ್ತದೆ, ಜೊತೆಗೆ ಕೂಸು ನಮ್ಮದು, ಕೊಡಿರಿ ಎಂದರೂ ಎಂದಾರು. ಅತ್ತೆ, ಗಂಡ ಇಬ್ಬರೂ ಇದನ್ನೇ ಹೇಳಿದರು. ನಾನು ಕೇಳಲಿಲ್ಲ. ಸೆರಗು ಜಗ್ಗಿಸಿಕೊಂಡು ಬದುಕುವುದಕ್ಕಿಂತ ಏನಾದರೊಂದು ಆಗಿಹೋಗಲಿ ಎಂದು ಹಟ ಹಿಡಿದೆ. ಬಾಡಿಗೆಯ ಬಂಡಿ ಮಾಡಿ ನಾವು ಮೂವರು ಹೊರಟೆವು. ಬೂದಿಯ ಗಂಟನ್ನು ಬಂಡಿಯ ಅಡಿಗೆ, ಅಚ್ಚಿನ ಹತ್ತಿರ ತೂಗುಹಾಕಿದ್ದೆವು. ದಾರಿಯುದ್ದಕ್ಕೂ ಅದು ನನ್ನ ಕೂರುವ ಜಾಗದ ಕೆಳಗೇ ಇತ್ತು. ಶಹಾಪುರದ ಗುಡ್ಡ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತದಲ್ಲ, ಅದನ್ನು ಕಂಡು ನಿಂಗಿ ಅಲ್ಲಿ ಯಾರು ಮಲಗಿದ್ದಾರೆ ಎಂದು ಅಪ್ಪನನ್ನು ಕೇಳಿದಳು. ಅವರು ಏನೋ ಹೇಳಿ ನಗಿಸಿದರು. ನನ್ನನ್ನು ಕೇಳಬಹುದಿತ್ತು. ನಾನು ಪಕ್ಕದಲ್ಲೇ ಇದ್ದೆ.

ಸುರಪುರ ದಾಟಿ ದೇವಾಪುರ ಬಂದಾಗ ಊರ ಹೊರಗೆ ಹುಣಸೆಮರದ ಕೆಳಗೆ ಬಂಡಿ ನಿಲ್ಲಿಸಿ, ಗಂಟನ್ನು ಕೊಂಬೆಗೆ ಕಟ್ಟಿ, ಗಂಡ ಮತ್ತು ನಿಂಗಿಯನ್ನು ಅಲ್ಲೇ ಬಿಟ್ಟು, ಕೌದಿ ಮಡಚಿ ಬಗಲಲ್ಲಿಟ್ಟುಕೊಂಡು ನಾನೊಬ್ಬಳೇ ಒಳಗೆ ಹೋದೆ. ಕೌದಿ ಹೊಲಿಯುತ್ತಿದ್ದವಳ ಮನೆ ಎಂದು ಕೇಳಿದರೆ ಜನ ಮುಖ ತಿರುಗಿಸಿದರು. ಕೊನೆಗೆ ಒಬ್ಬಳು, ಗಂಡನ ಮನೆಯಲ್ಲಿ ಬೇರೆಯವಳು ಬಂದಿದ್ದಾಳೆ, ಅಲ್ಲಿಗೆ ಹೋಗಬೇಡ ಎಂದು ಹೇಳಿ ಅವಳ ತಾಯಿಯ ಗುಡಿಸಲು ತೋರಿಸಿದಳು.

ಮುದುಕಿಗೆ ಕಣ್ಣು ಮಂಜಾಗಿತ್ತು. ನಾನು ಮಾತೇ ಆಡದೆ ಕೌದಿಯನ್ನು ಅವಳ ಮಡಿಲಿಗಿಟ್ಟೆ. ಅವಳು ಅಂಚು ಹಿಡಿದು ಬೆರಳಾಡಿಸುತ್ತ ಹೋಗಿ ಆ ಮೂಲೆಗೆ ಬಂದು ಕಾಳು ಹಿಸುಕಿದಳು. ಹಾಗೇ ಕೈ ನಿಂತಿತು.

"ಎಲ್ಲಿ ಅದಾಳ?" ಎಂದಳು.

ಯಾದಗಿರಿಯಲ್ಲಿ ವಾಂತಿಭೇದಿಯಾಗಿ ತೀರಿಕೊಂಡಳು, ಬೆಂಕಿ ಕೊಟ್ಟರು, ಬೂದಿ ತಂದಿದ್ದೇನೆ ಎಂದು ಹೇಳಿದೆ. ಮುದುಕಿ ಅಳಲಿಲ್ಲ. ಅವಳ ಮುಖ ಸಡಿಲಾಯಿತು. ಎಷ್ಟೋ ದಿನದಿಂದ ಹಲ್ಲು ಕಚ್ಚಿ ಹಿಡಿದದ್ದನ್ನು ಬಿಟ್ಟಂತೆ ಉಸಿರು ಬಿಟ್ಟಳು.

"ಅಳಿಯ ಯಾದಗಿರಿಗಿ ಹೋಗಿ ಹುಡುಕಿ ಬಂದಿದ್ನವ್ವ. ಮಣ್ಣ ಕೊಡೂ ಜಾಗದಾಗೆಲ್ಲ ಕೇಳ್ಯಾನ. ಪರವೂರ ಹೆಣಮಗಳಿಗಿ ಇಲ್ಲೆ ಯಾರೂ ಮಣ್ಣ ಕೊಟ್ಟಿಲ್ಲ ಅಂದಾರ. ಮಣ್ಣ ಇಲ್ಲ ಅಂದ್ರ ಸತ್ತಿಲ್ಲ, ಸತ್ತಿಲ್ಲ ಅಂದ್ರ ಯಾವನ ಜೋಡಿನೋ ಓಡಿಹೋಗ್ಯಾಳ ಅಂದ. ಊರೂ ಹಂಗೇ ಅಂತು. ನಮ್ಮ ಮಂದಿಗಿ ಬೆಂಕಿ ಕೊಡತಾರಂತ ಯಾರ ತಲಿಗಿ ಹೊಳೀತದ?"

ಅಂದಿನಿಂದ ಆ ಊರಿನಲ್ಲಿ ಅವಳ ಹೆಸರನ್ನು ಯಾರೂ ಎತ್ತಿರಲಿಲ್ಲ. ಹೆತ್ತವ್ವ ಕೂಡ ಬಾಯಿಬಿಟ್ಟು ಹೇಳಿರಲಿಲ್ಲ. ಅತ್ತ ಅವರು ಮಣ್ಣು ಹುಡುಕುತ್ತಿದ್ದರು, ಇತ್ತ ನಾವು ಬೂದಿ ಕೇಳುವವರಿಗಾಗಿ ಕಾಯುತ್ತಿದ್ದೆವು.

"ಮಾನವ್ವ" ಎಂದಳು ಮುದುಕಿ. "ಮಾನವ್ವ ಅಂತ ಆಕಿ ಹೆಸರು." ಆಮೇಲೆ ನಾನು ಹೆದರುತ್ತಿದ್ದುದನ್ನೇ ಕೇಳಿದಳು. "ಒಂದು ಕೂಸು ಇತ್ತಲ್ಲ?"

ಇದೆ ಎಂದರೆ ಕೂಸು ಹೋಯಿತು, ಇಲ್ಲ ಎಂದರೆ ಆ ತಾಯಿಯ ಎದುರು ಹೇಗೆ ಹೇಳಲಿ. ಮುದುಕಿ ಮಂಜುಗಣ್ಣಿನಿಂದ ನನ್ನ ಕಡೆ ನೋಡುತ್ತಲೇ ಇದ್ದಳು. ನನ್ನ ಮೌನವೇ ಅವಳಿಗೆ ಎಲ್ಲ ಹೇಳಿರಬೇಕು.

"ಬ್ಯಾರೆ ಏನೂ ಕೇಳೂದಿಲ್ಲ. ಅದಕ್ಕ ಈಗ ಅವ್ವ ಅದಾಳೇನು, ಅಷ್ಟು ಹೇಳು."

"ಅದಾಳ" ಎಂದೆ.

"ಹಂಗಾರ ಕೌದಿ ತೊಗೊಂಡು ಹೋಗು. ಕೂಸಿಗಿ ಹೊಚ್ಚು. ಬೂದಿ ನೀನೇ ಹೊಳಿಗಿ ಬಿಡು."

ಕೌದಿಯನ್ನು ಅವಳ ಹತ್ತಿರವೇ ಬಿಟ್ಟು ಕೈತೊಳೆದುಕೊಳ್ಳಬೇಕೆಂದಿದ್ದೆ. ಬಗಲಲ್ಲಿಟ್ಟುಕೊಂಡು ವಾಪಸು ಬಂದೆ. ಹುಣಸೆಮರದ ತನಕ ನಡೆಯುವಾಗ ನನ್ನ ಬಾಯಿಂದ ಬಂದ ಆ ಒಂದು ಮಾತೇ ಕಾಡುತ್ತಿತ್ತು. ಅವ್ವ ಅದಾಳ ಎಂದಿದ್ದೆ. ಕೂಸು ನನ್ನನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಳೆದಂಡೆಯ ತಿಂಥಣಿಗೆ ಬಂದು, ಮೌನೇಶ್ವರನಿಗೆ ಕೈಮುಗಿದು ಹೊಳೆಗೆ ಇಳಿದೆವು. ನನ್ನ ಗಂಡನಿಗೆ ನೀರೆಂದರೆ ಭಯ, ದಡದಲ್ಲೇ ನಿಂತರು. ಹರಿಗೋಲಿನಲ್ಲಿ ಕೂತವರು ನಾನು, ನಿಂಗಿ ಮತ್ತು ಹುಟ್ಟು ಹಾಕುವ ಅಂಬಿಗ, ಮೂರೇ ಜನ. ಬಿಸಿಲು ಚುರುಕಾಗಿತ್ತು. ಹೊಳೆಯಲ್ಲಿ ಬೇರೆ ಹರಿಗೋಲು ಇರಲಿಲ್ಲ. ಬಟ್ಟೆ ಒಗೆಯುವವರೂ ಊಟಕ್ಕೆ ಹೋಗಿದ್ದರು.

ನಡುನೀರಿನಲ್ಲಿ ಅಂಬಿಗ ಹುಟ್ಟು ನಿಲ್ಲಿಸಿ, "ಹೆಸರು ಕರದು ಬಿಡ್ರಿ" ಎಂದ. ನಾನು ಗಂಟು ಬಿಚ್ಚಿ ಕುಡಿಕೆಯನ್ನು ನೀರಿನ ಹತ್ತಿರ ಹಿಡಿದೆ. ಏನೇನೋ ಹೇಳಬೇಕೆಂದುಕೊಂಡಿದ್ದೆ. ಬಂದದ್ದು ಇಷ್ಟೇ: "ಮಾನವ್ವ, ಇನ್ನ ಹೋಗು. ಈಕಿಗಿ ಅವ್ವ ಅದಾಳ." ಬೂದಿ ಸುರಿದೆ. ನೀರಿನ ಮೇಲೆ ಸ್ವಲ್ಪ ಹೊತ್ತು ಬೆಳ್ಳಗೆ ಹರಡಿ ನಿಂತು, ಆಮೇಲೆ ಕರಗಿತು.

ನಿಂಗಿ ಅದನ್ನು ನೋಡಲು ಬಗ್ಗಿದಳು. ಹರಿಗೋಲು ಒಂದು ಮಗ್ಗುಲಿಗೆ ವಾಲಿತು. ಅವಳು ಹೆದರಿ, ಒಂದು ಕೈಯಿಂದ ನನ್ನ ಸೆರಗು ಹಿಡಿದು, ಮುಖ ನೀರಿನ ಕಡೆಗೇ ಇದ್ದಂತೆ, "ಯವ್ವಾ" ಎಂದು ಕೂಗಿದಳು.

ಓ ಎಂದೆ. ಎರಡು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಓ ಅದು. ಆದರೆ ಅದು ನನ್ನ ಬಾಯಿಂದ ಹೊರಬೀಳುವ ಮೊದಲೇ ಇನ್ನೊಂದು ಓ ಕೇಳಿಸಿತು. ಹೆಣ್ಣುದನಿ. ಹತ್ತಿರದ್ದು, ನಿಂಗಿಯ ಆಚೆ ಮಗ್ಗುಲಿನದು. ಗಾಬರಿಯಾಗಲಿ ದುಃಖವಾಗಲಿ ಅದರಲ್ಲಿರಲಿಲ್ಲ. ಹೊಲಿಗೆಯ ಮೇಲೆ ಕಣ್ಣಿಟ್ಟುಕೊಂಡೇ ಮಗುವಿನ ಕರೆಗೆ ಓಗೊಡುತ್ತಾರಲ್ಲ, ಅಂಥ ಓ.

ಹುಟ್ಟು ಅಂಬಿಗನ ಕೈಯಲ್ಲಿ ಹಾಗೇ ನಿಂತಿತ್ತು. ಅವನೂ ಕೇಳಿದ್ದ. ಏನದು ಎಂದು ಕೇಳಿದಾಗ ನನ್ನ ಮುಖ ನೋಡದೆ, ಹೊಳ್ಯಾಗ ದನಿ ತಿರುಗಿ ಬರತದ್ರಿ ಎಂದು ಜೋರಾಗಿ ಹುಟ್ಟು ಹಾಕತೊಡಗಿದ. ದಡದಲ್ಲಿ ಗಂಡನಿಗೆ ಹೇಳಿದರೆ ಅವರೂ ಅದನ್ನೇ ಹೇಳಿದರು, ಬಂಡೆಗಳಿಗೆ ಬಡಿದು ದನಿ ತಿರುಗಿ ಬಂದಿರುತ್ತದೆ ಎಂದರು. ಇರಬಹುದು ಎಂದು ನಾನೂ ಎಷ್ಟೋ ವರ್ಷ ಹೇಳಿಕೊಂಡೆ. ಆದರೆ ತಿರುಗಿ ಬರುವ ದನಿ ಕೂಗಿದ ಮೇಲೆ ಬರುತ್ತದೆ. ಅದು ನನಗಿಂತ ಮೊದಲು ಬಂತು.

ನಿಂಗಿ ಅಂದಿನಿಂದ ನನ್ನನ್ನು ಯವ್ವ ಎಂದೇ ಕರೆಯುತ್ತ ಬಂದಿದ್ದಾಳೆ. ಒಂದು ದಿನವೂ ತಪ್ಪಿಲ್ಲ. ಬಂಡಿಯಲ್ಲಿ ಹಿಂದಿರುಗುವಾಗ ಶಹಾಪುರದ ಗುಡ್ಡದಲ್ಲಿ ಮಲಗಿದವರು ಇನ್ನೂ ಎದ್ದಿಲ್ಲವೇ ಎಂದು ನನ್ನನ್ನೇ ಕೇಳಿದಳು. ನನಗೆ ಹಿಗ್ಗು ತಡೆಯಲಾಗಲಿಲ್ಲ. ಆದರೂ ಹೊಳೆಯ ನಡುವೆ ಆ ಮೊದಲ ಕರೆ ಯಾರನ್ನು ಕರೆದದ್ದು, ಸೆರಗು ಹಿಡಿದಿದ್ದ ನನ್ನನ್ನೋ, ಅವಳು ನೋಡುತ್ತಿದ್ದ ನೀರನ್ನೋ, ನನಗೆ ಗೊತ್ತಿಲ್ಲ. ಅವಳನ್ನು ಕೇಳಿದ್ದೇನೆ, ನೆನಪಿಲ್ಲ ಎನ್ನುತ್ತಾಳೆ.

ಈಗ ನಿಂಗಿಗೆ ಮೊಮ್ಮಕ್ಕಳಿದ್ದಾರೆ. ಕೌದಿ ಎರಡು ಸಲ ತೇಪೆ ಕಂಡು ಇನ್ನೂ ಮನೆಯಲ್ಲಿದೆ, ಅದನ್ನು ಹೊದೆಯಲು ಮಕ್ಕಳು ಜಗಳವಾಡುತ್ತವೆ. ನನ್ನ ಕಿವಿ ಮಂದವಾಗಿದೆ, ಬೇರೆ ಯಾರ ಮಾತೂ ಒಂದೇ ಸಲಕ್ಕೆ ಕೇಳಿಸುವುದಿಲ್ಲ. ಆದರೆ ಅಂಗಳದಿಂದಲೋ ಹಿತ್ತಲಿನಿಂದಲೋ ನಿಂಗಿ ಯವ್ವಾ ಎಂದರೆ, ದೀಪ ಹಚ್ಚಿದ ಮೇಲಾದರೂ ಸರಿ, ಆ ಮಾತು ಮುಗಿಯುವ ಮೊದಲೇ ಓ ಎಂದಿರುತ್ತೇನೆ. ಮನೆಮಂದಿಯೆಲ್ಲ ನಗುತ್ತಾರೆ, ಮುದುಕಿಗೆ ಕರೆಯುವ ಮೊದಲೇ ಕೇಳಿಸುತ್ತದೆ ಎನ್ನುತ್ತಾರೆ. ಒಮ್ಮೆಯಾದರೂ ಸುಮ್ಮನೆ ಕೂತು, ನಾನು ತಡಮಾಡಿದರೆ ಏನಾಗುತ್ತದೆ ಎಂದು ನೋಡಬೇಕೆಂದು ಅಂದುಕೊಳ್ಳುತ್ತಲೇ ಇದ್ದೇನೆ. ಈ ತನಕ ಆಗಿಲ್ಲ.