ವರ್ಷ ಹೇಳದ ಹರಕೆ

ನಮ್ಮ ಅಕ್ಕ ಲಮ್ಯೈ, ಬ್ಯಾಂಕಾಕಿನಿಂದ ದೂರದ ನಮ್ಮೂರಲ್ಲಿ, ತಾಲ್ಲೂಕು ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಬೇಯಿಸಿದ ಮೊಟ್ಟೆ ಮಾರುತ್ತಾಳೆ. ತಿನ್ನುವವರಿಗಲ್ಲ, ಹರಕೆ ತೀರಿಸುವವರಿಗೆ. ಮರದ ಬುಡದಲ್ಲಿ ಒಡೆಯರ ಗುಡಿ ಇದೆ. ಒಡೆಯರು ಬದುಕಿದ್ದಾಗ ಈ ಸೀಮೆಗೆ ಅಧಿಕಾರಿಯಾಗಿದ್ದರಂತೆ. ಸತ್ತ ಮೇಲೂ ಕೆಲಸ ಬಿಟ್ಟಿಲ್ಲ. ಕೇಳಿದ್ದನ್ನು ಅವರು ಕೊಟ್ಟರೆ ಮೊಟ್ಟೆ ಇಡಬೇಕು, ಕೊಡದಿದ್ದರೆ ಇಡಬೇಕಾಗಿಲ್ಲ. ಗುಡಿಯ ಎಡಕ್ಕೆ ಅಕ್ಕನ ಬುಟ್ಟಿ, ಬಲಕ್ಕೆ ನನ್ನ ಕ್ಷೌರದ ಕುರ್ಚಿ. ಬೆಳಿಗ್ಗೆಯ ನೆರಳು ನನ್ನದು, ಸಂಜೆಯ ನೆರಳು ಅವಳದು, ಮಧ್ಯಾಹ್ನ ಹನ್ನೆರಡರ ನೆರಳು ಹದಿನೇಳು ವರ್ಷದಿಂದ ಜಗಳದಲ್ಲಿದೆ.

ಮೊಟ್ಟೆ ಯಾರು ಬೇಕಾದರೂ ಬೇಯಿಸಬಹುದು. ಜನ ಅಕ್ಕನ ಹತ್ತಿರ ಬರುವುದು ಹರಕೆಯ ಮಾತು ಹೇಳಿಸಿಕೊಳ್ಳಲಿಕ್ಕೆ. ಈ ವಿಷಯದಲ್ಲಿ ಅವಳು ವಕೀಲರಿಗಿಂತ ಗಟ್ಟಿ. ಒಮ್ಮೆ ಒಬ್ಬ ಹೆಂಗಸು ಮಗಳ ಮದುವೆಗೆ ಹರಕೆ ಹೊತ್ತು ಎದ್ದು ನಿಂತಳು. ಅಕ್ಕ ಕೂತಲ್ಲಿಂದಲೇ ತಡೆದಳು.

"ಏನಂತ ಕೇಳ್ದೆ?"

"ಮಗಳಿಗೆ ಬೇಗ ಮದುವೆ ಆಗ್ಲಿ ಅಂತ."

"ಯಾರ ಜೊತೆ ಅಂತ ಹೇಳಿದ್ಯಾ? ಮನೆ ನಂಬರು ಹೇಳಿದ್ಯಾ? ಯಾವ ವರ್ಷ, ಯಾವ ತಿಂಗಳೊಳಗೆ ಅಂತ ಹೇಳಿದ್ಯಾ?"

"ಒಡೆಯರಿಗೆ ಗೊತ್ತಾಗಲ್ವಾ ಅಕ್ಕ?"

"ಅವರು ಸರ್ಕಾರಿ ಮನುಷ್ಯ ಕಣಮ್ಮ. ಹೇಳಿದ್ದನ್ನ ಮಾಡ್ತಾರೆ, ಹೇಳದೇ ಇದ್ದಿದ್ದನ್ನ ಮಾಡಲ್ಲ. ಹೋಗು, ಕೂತ್ಕೊಂಡು ಸರಿಯಾಗಿ ಹೇಳು."

ಇಷ್ಟೆಲ್ಲ ಬಲ್ಲ ನಮ್ಮಕ್ಕ ತನ್ನದೇ ಹರಕೆಯೊಂದರಲ್ಲಿ ವರ್ಷ ಹೇಳುವುದನ್ನು ಮರೆತಿದ್ದಳು. ಅದು ನನ್ನ ಕಾಲಿನಿಂದ ಶುರುವಾದದ್ದು, ಹಾಗಾಗಿ ಕಾಲಿನ ಕಥೆ ಮೊದಲು ಹೇಳಿಬಿಡುತ್ತೇನೆ.

ನಮ್ಮಲ್ಲಿ ಇಪ್ಪತ್ತೊಂದು ತುಂಬಿದ ಗಂಡಸರೆಲ್ಲ ಏಪ್ರಿಲ್‌ನಲ್ಲಿ ತಾಲ್ಲೂಕು ಕಚೇರಿಯ ಅಂಗಳಕ್ಕೆ ಬಂದು ಡಬ್ಬಿಗೆ ಕೈ ಹಾಕಬೇಕು. ಕಪ್ಪು ಚೀಟಿ ಬಂದರೆ ಮನೆಗೆ, ಕೆಂಪು ಬಂದರೆ ಎರಡು ವರ್ಷ ಸೈನ್ಯಕ್ಕೆ. ನನ್ನ ಸರದಿ ಬಂದಾಗ ಅಮ್ಮ ಒಡೆಯರಲ್ಲಿ ಕಪ್ಪು ಕೇಳಿದ್ದಳು, ಐವತ್ತು ಮೊಟ್ಟೆ ಹೇಳಿದ್ದಳು. ಕೆಂಪು ಬಂತು. ಅಮ್ಮ ಮೊಟ್ಟೆ ಇಡಲಿಲ್ಲ. ಮರುವರ್ಷ ಕಾಂಬೋಡಿಯಾ ಗಡಿಯ ಕಾಡಿನಲ್ಲಿ ನೆಲದಲ್ಲಿ ಹುಗಿದಿಟ್ಟ ಬಾಂಬಿನ ಮೇಲೆ ಎಡಗಾಲಿಟ್ಟೆ. ಮೊಣಕಾಲಿನ ಕೆಳಗೆ ಹೋಯಿತು. ಸರ್ಕಾರ ಒಂದು ಮರದ ಕಾಲು ಕೊಟ್ಟಿತು, ತಿಂಗಳಿಗೊಂದು ಪಿಂಚಣಿ ಕೊಟ್ಟಿತು. ನಿಂತು ಮಾಡುವ ಕೆಲಸ ಬೇಡ ಎಂದು ಡಾಕ್ಟರು ಹೇಳಿದರು. ನಾನು ಕ್ಷೌರ ಕಲಿತೆ.

ಊರುಗೋಲು ಹಿಡಿದು ನಾನು ಬಸ್ಸಿಳಿದ ದಿನ ಅಕ್ಕ ನನ್ನನ್ನು ಮಾತಾಡಿಸಲಿಲ್ಲ. ನಾಲ್ಕು ವರ್ಷದ ಮಗ ಸುತಿನ್‌ನನ್ನು ಕಂಕುಳಲ್ಲಿ ಎತ್ತಿಕೊಂಡು ನೇರ ಗುಡಿಗೆ ಹೋದಳು. "ನನ್ನ ಮಗ ಯಾವತ್ತು ಡಬ್ಬಿಗೆ ಕೈ ಹಾಕ್ತಾನೋ ಅವತ್ತು ಅವನಿಗೆ ಕಪ್ಪೇ ಬರಬೇಕು. ನೂರು ಮೊಟ್ಟೆ ಇಡ್ತೀನಿ" ಎಂದಳು. ಅಷ್ಟೇ. ಆಗ ಅವಳಿಗೂ ಹರಕೆಯ ವಿದ್ಯೆ ಗೊತ್ತಿರಲಿಲ್ಲ. ಕೆಲಸಕ್ಕೆಂದು ಸೌದಿಗೆ ಹೋಗಿದ್ದ ಭಾವ ಅಲ್ಲೇ ಯಾರನ್ನೋ ಕಟ್ಟಿಕೊಂಡ ಸುದ್ದಿ ಅದೇ ವರ್ಷ ಬಂತು. ಅಕ್ಕ ಎರಡು ದಿನ ಅತ್ತಳು, ಮೂರನೇ ದಿನ ಒಂದು ಬುಟ್ಟಿ ಮೊಟ್ಟೆ ಬೇಯಿಸಿಕೊಂಡು ಬಂದು ಮರದ ಕೆಳಗೆ ಕೂತಳು. ಇನ್ನೂ ಎದ್ದಿಲ್ಲ.

ಒಳ್ಳೆಯ ವರ್ಷಗಳಲ್ಲಿ ಏಪ್ರಿಲ್ ಎಂದರೆ ಅಕ್ಕನಿಗೆ ಸುಗ್ಗಿ. ಎಲ್ಲರಿಗೂ ಬ್ಯಾಂಕಾಕಿನಲ್ಲಿ ಕೆಲಸವಿತ್ತು, ಯಾರಿಗೂ ಸೈನ್ಯ ಬೇಡವಾಗಿತ್ತು. ಎತ್ತರ ಅಳೆಯುವಾಗ ಮಂಡಿ ಬಗ್ಗಿಸುವವರು, ಎದೆ ಅಳೆಯುವಾಗ ಉಸಿರು ಬಿಡುವವರು, ಎರಡೂ ಕಿವಿ ಕೇಳುವುದಿಲ್ಲ ಎಂದು ಹೇಳಿ, ಹೆಸರು ಕೂಗಿದ ಕೂಡಲೇ ಓಗೊಟ್ಟು ಸಿಕ್ಕಿಬೀಳುವವರು. ಹತ್ತರಲ್ಲಿ ಎಂಟು ಜನಕ್ಕೆ ಕಪ್ಪು ಬರುತ್ತಿತ್ತು. ಕೆಂಪು ಬಂದವನ ತಾಯಿ ಬೇಲಿಯ ಪಕ್ಕ ಎಚ್ಚರ ತಪ್ಪಿ ಬೀಳುತ್ತಿದ್ದಳು, ಕಪ್ಪು ಬಂದವನ ತಾಯಿ ಅವಳನ್ನು ದಾಟಿಕೊಂಡು ಅಕ್ಕನ ಬುಟ್ಟಿಗೆ ಬರುತ್ತಿದ್ದಳು.

ಆಮೇಲೆ ನಮ್ಮ ನಾಣ್ಯ ಬಾಟ್‌ನ ಬೆಲೆ ಬಿತ್ತು. ಯಾಕೆ ಬಿತ್ತೆಂದು ನನಗೆ ಗೊತ್ತಿಲ್ಲ. ನನ್ನ ಕುರ್ಚಿಯಲ್ಲಿ ಕೂತು ವಿವರಿಸಿದವರಿಗೂ ಗೊತ್ತಿರಲಿಲ್ಲ. ಸುತಿನ್ ಬ್ಯಾಂಕಾಕಿನಲ್ಲಿ ಮೂವತ್ತು ಅಂತಸ್ತಿನ ಕಟ್ಟಡಕ್ಕೆ ಕಬ್ಬಿಣ ಕಟ್ಟುತ್ತಿದ್ದ. ಹದಿನೇಳನೆಯ ಅಂತಸ್ತಿನಲ್ಲಿ ಕೆಲಸ ನಿಂತಿತು. ಇಳಿದು ಊರಿಗೆ ಬಂದ. ಜೊತೆಗೆ ಹೆಂಡತಿ, ಅವಳ ಹೊಟ್ಟೆಯಲ್ಲಿ ಐದು ತಿಂಗಳು. ಊರಿನ ಅರ್ಧ ಗಂಡಸರು ಅದೇ ಬಸ್ಸಿನಲ್ಲಿ ಬಂದಿದ್ದರು. ಗದ್ದೆಯಲ್ಲಿ ಅಷ್ಟು ಜನಕ್ಕೆ ಕೆಲಸವಿರಲಿಲ್ಲ, ಅನ್ನದ ಬುಟ್ಟಿಯಲ್ಲಿ ಅಷ್ಟು ಅನ್ನವೂ ಇರಲಿಲ್ಲ.

ಆ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಸುತಿನ್ ನನ್ನ ಕುರ್ಚಿಯಲ್ಲಿ ಕೂತು, "ಮಾಮ, ಸೈನ್ಯಕ್ಕೆ ಹೆಸರು ಕೊಟ್ಟೆ" ಎಂದ.

"ಯಾರನ್ನ ಕೇಳಿ ಕೊಟ್ಟೆ?"

"ಹೊಟ್ಟೆನ ಕೇಳಿ. ಊಟ ಹಾಕ್ತಾರೆ, ಸಂಬಳ ಕೊಡ್ತಾರೆ. ಎರಡು ವರ್ಷ ಆದ್ಮೇಲೆ ಪರೀಕ್ಷೆ ಕಟ್ಟಿದ್ರೆ ಅಲ್ಲೇ ಕಾಯಂ ಆಗಬಹುದು. ಅಮ್ಮಂಗೆ, ಇವಳಿಗೆ ಆಸ್ಪತ್ರೆ ಖರ್ಚು ಇರಲ್ಲ."

"ಕಾಲು?"

"ನಿನ್ನ ಕಾಲೇ ವಾಸಿ ಮಾಮ. ತಿಂಗಳು ತಿಂಗಳು ಪಿಂಚಣಿ ತರ್ತದೆ. ನನ್ನ ಎರಡು ಕಾಲಿಂದ ಈಗ ಏನೂ ಬರ್ತಿಲ್ಲ."

"ತಲೆ ಅಲ್ಲಾಡಿಸಬೇಡ. ಕಿವಿ ಹೋಗ್ತದೆ. ಕಿವಿಗೆ ಪಿಂಚಣಿ ಇಲ್ಲ."

ಅವನು ನಕ್ಕ. ನನಗೆ ನಗು ಬರಲಿಲ್ಲ. ಆ ವರ್ಷ ನಮ್ಮೆರಡು ಮನೆಗೂ ತಪ್ಪದೆ ಬರುತ್ತಿದ್ದದ್ದು ನನ್ನ ಪಿಂಚಣಿಯೊಂದೇ. ಹೊಟ್ಟೆಯೊಳಗಿನ ಕೂಸೂ ಸೇರಿ ಐದು ಜನ ನನ್ನ ಇಲ್ಲದ ಕಾಲನ್ನು ತಿನ್ನುತ್ತಿದ್ದೆವು ಎಂದರೂ ನಡೆಯುತ್ತದೆ. ಹುಡುಗ ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಸಿಟ್ಟು ಬಂತು.

ಮೊದಲಾದರೆ ತಾನಾಗಿ ಹೆಸರು ಕೊಟ್ಟವನನ್ನು ಕೈಹಿಡಿದು ಒಳಗೆ ಕರೆದುಕೊಳ್ಳುತ್ತಿದ್ದರು. ಈ ಸಲ ತಾಲ್ಲೂಕಿಗೆ ಬೇಕಾದದ್ದು ಹತ್ತೊಂಬತ್ತು ಜನ, ಹೆಸರು ಕೊಟ್ಟವರು ಅರವತ್ತಮೂರು. ಹಾಗಾಗಿ ಹೆಸರು ಕೊಟ್ಟವರ ನಡುವೆಯೇ ಚೀಟಿ ಎತ್ತಿಸುವುದೆಂದು ಕಚೇರಿಯವರು ಬೋರ್ಡು ಹಾಕಿದರು. ಬೋರ್ಡು ಓದಿ ಬಂದ ಸುತಿನ್ ಅಕ್ಕನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅಮ್ಮ, ನಿನ್ನ ಹಳೇ ಹರಕೆ ಇದ್ಯಲ್ಲ, ಅದನ್ನ ವಾಪಸ್ ತಗೋ."

"ಹರಕೆ ವಾಪಸ್ ತಗೊಳ್ಳಕ್ಕೆ ಬರಲ್ಲ. ವರ್ಷ ಹೇಳಿರ್ಲಿಲ್ಲ, ಈ ವರ್ಷಕ್ಕೂ ಅದೇ ನಡೀತದೆ."

"ಹಾಗಾದ್ರೆ ಕೆಂಪು ಬರ್ಲಿ ಅಂತ ಇನ್ನೊಂದು ಹೊತ್ಕೋ."

"ಒಂದೇ ಮನೆಯಿಂದ ಎರಡು ತರ ಕೇಳಬಾರ್ದು. ಒಡೆಯರಿಗೆ ಸಿಟ್ಟು ಬರ್ತದೆ."

"ಮತ್ತೆ ಏನ್ ಮಾಡೋದು?"

"ನೋಡೋಣ. ನಾಳೆ ಹೋಗಿ ಕೇಳ್ತೀನಿ."

ಊರವರಿಗೆಲ್ಲ ಅವಳು ಮಗನಿಗೆ ಕೆಂಪೇ ಬರಲಿ ಎಂದು ಹೇಳಿಕೊಂಡು ತಿರುಗಿದಳು. ಬೇರೆ ತಾಯಂದಿರಿಗೆ ಕೆಂಪು ಕೇಳುವ ಮಾತು ಹೇಳಿಕೊಟ್ಟಳು, ಎಲ್ಲರಿಗೂ ಇಸವಿ ಸೇರಿಸಿ. ತಾನು ಮಾತ್ರ ದಿನಾ ಬೆಳಿಗ್ಗೆ ಗುಡಿಗೆ ಹೂವಿಟ್ಟು, ಕೈಮುಗಿದು, ತುಟಿ ಅಲ್ಲಾಡಿಸದೆ ವಾಪಸು ಬರುತ್ತಿದ್ದಳು. ಹತ್ತು ಹೆಜ್ಜೆ ದೂರದಲ್ಲಿ ಕತ್ತರಿ ಹಿಡಿದುಕೊಂಡವನಿಗೆ ಇದು ಕಾಣದೆ ಇರುತ್ತದೆಯೇ? ಅವಳ ನಾಳೆ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು.

ಚೀಟಿ ಎತ್ತುವ ಹಿಂದಿನ ದಿನ ನಡು ಮಧ್ಯಾಹ್ನ, ಅಕ್ಕ ಮೊಟ್ಟೆ ತರಲು ಸಂತೆಗೆ ಹೋಗಿದ್ದಾಗ, ನಾನು ಗುಡಿಯ ಮುಂದೆ ಕೂತೆ. ಮರದ ಕಾಲಿನವನಿಗೆ ಕೂರುವುದೂ ಒಂದು ಕೆಲಸ. ಹದಿನೆಂಟು ವರ್ಷ ನಾನು ಒಡೆಯರನ್ನು ಏನೂ ಕೇಳಿರಲಿಲ್ಲ, ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

"ಒಡೆಯರೇ, ನಾನು ಕಮೋನ್, ಪಕ್ಕದ ಕುರ್ಚಿಯವನು. ನನ್ನ ಮನೆ ನಂಬರು ಅಕ್ಕನದಲ್ಲ, ಬೇರೆ. ನಮ್ಮಮ್ಮ ನನಗೆ ಕಪ್ಪು ಕೇಳಿದ್ಲು, ನೀವು ಕೆಂಪು ಕೊಟ್ರಿ. ಕೊಟ್ಟಿದ್ದು ಹೇಗಿತ್ತು ಅಂತ ನೋಡ್ತಾನೇ ಇದೀರಿ. ಈಗ ಬಾಯಿಬಿಟ್ಟು ಕೇಳ್ತಾ ಇದೀನಿ. ಈ ವರ್ಷ, ನಾಳೆ, ಸುತಿನ್‌ಗೆ ಕೆಂಪು ಬರ್ಲಿ. ನೂರು ಮೊಟ್ಟೆ ಇಡ್ತೀನಿ. ಮರದ ಸುತ್ತ ಒಂಬತ್ತು ಸುತ್ತು ಕುಣಿತೀನಿ."

ಕುಣಿತ ಸೇರಿಸಿದ್ದು ಯಾಕೆಂದರೆ, ಸುಲಭದ ಹರಕೆಗೆ ಒಡೆಯರು ಕಿವಿ ಕೊಡುವುದಿಲ್ಲ ಎಂದು ಅಕ್ಕ ಗಿರಾಕಿಗಳಿಗೆ ಹೇಳುವುದನ್ನು ಕೇಳಿದ್ದೆ.

ಮರುದಿನ ಅಂಗಳದಲ್ಲಿ ಎಲ್ಲ ತಿರುಗುಮುರುಗು. ಎತ್ತರ ಅಳೆಯುವಲ್ಲಿ ಗಂಡಸರು ತುದಿಗಾಲಲ್ಲಿ ನಿಲ್ಲುತ್ತಿದ್ದರು, ಅಳೆಯುವವನು ಹಿಮ್ಮಡಿಗೆ ಬೆತ್ತದಿಂದ ತಟ್ಟುತ್ತಿದ್ದ. ಎದೆ ಅಳೆಯುವಲ್ಲಿ ಒಬ್ಬ ಉಸಿರು ಹಿಡಿದು ಹಿಡಿದು ಕೆಮ್ಮಿಬಿಟ್ಟ. ಕೆಂಪು ಬಂದರೆ ಚಪ್ಪಾಳೆ, ಕಪ್ಪು ಬಂದರೆ ತಾಯಂದಿರು ಬೇಲಿಗೆ ಆತು ಕೂರುತ್ತಿದ್ದರು. ಸುತಿನ್ ನಂಬರು ನಲವತ್ತೊಂದು. ಅವನ ಸರದಿ ಬರುವಾಗ ಡಬ್ಬಿಯಲ್ಲಿ ಉಳಿದಿದ್ದದ್ದು ನಾಲ್ಕು ಕೆಂಪು. ಅಕ್ಕ ಬೇಲಿಯ ಹತ್ತಿರ ಹೋಗಲಿಲ್ಲ. ಬುಟ್ಟಿಯ ಹಿಂದೆ ಕೂತು ಮೊಟ್ಟೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಒರೆಸುತ್ತಿದ್ದಳು.

ಸುತಿನ್ ಕೈ ಹಾಕಿದ. ಅಧಿಕಾರಿ ಚೀಟಿ ಬಿಚ್ಚಿ ಮೇಲೆತ್ತಿ ತೋರಿಸಿದ. ಕೆಂಪು.

ಹುಡುಗ ಅಂಗಿಯಿಲ್ಲದ ಮೈಯಲ್ಲಿ ಎರಡು ಸಲ ಎಗರಿದ, ಅವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ಅತ್ತಳು, ಪಕ್ಕದವರು ಅವಳ ಬೆನ್ನು ತಟ್ಟಿ, ಪುಣ್ಯ ಮಾಡಿದ್ದೆ ಕಣೇ ಎಂದರು. ಅಕ್ಕ ತಲೆಯೆತ್ತಿ, "ಒಳ್ಳೇದಾಯ್ತು" ಎಂದಳು. ಒಂದು ಮೊಟ್ಟೆ ಸುಲಿದಳು. ತಿನ್ನಲಿಲ್ಲ. ಹದಿನೇಳು ವರ್ಷದ ಹರಕೆಗೆ ಒಡೆಯರು ಯಾಕೆ ಬೆನ್ನು ತಿರುಗಿಸಿದರೆಂದು ಅವಳು ಗುಡಿಯನ್ನೇ ನೋಡುತ್ತಿದ್ದಳು. ಆಗ ನಾನು ಹೋಗಿ ಅವಳ ಬುಟ್ಟಿಯ ಮುಂದೆ ನಿಂತೆ.

"ನೂರು ಮೊಟ್ಟೆ ಕೊಡಕ್ಕ."

"ಯಾರಿಗೆ?"

"ಒಡೆಯರಿಗೆ."

ಅವಳ ಕೈಯಲ್ಲಿದ್ದ ಸುಲಿದ ಮೊಟ್ಟೆ ಮಣ್ಣಿಗೆ ಬಿತ್ತು. ನನ್ನ ಮುಖ ನೋಡಿದಳು, ಆಮೇಲೆ ಮರದ ಕಾಲು ನೋಡಿದಳು.

"ನೀನಾ?"

"ಹೂಂ."

"ಕಾಲು ಕಳ್ಕೊಂಡವನು ನೀನು. ನೀನು ಹೋಗಿ ಕೇಳಿದ್ಯಾ? ನಿಂಗೆ ಮನುಷ್ಯತ್ವ ಇಲ್ವಾ?"

"ಅಲ್ಲಿ ಊಟ ಇದೆ ಅಕ್ಕ. ಇಲ್ಲಿಲ್ಲ. ನೀನು ನಾಳೆ ನಾಳೆ ಅಂತಿದ್ದೆ."

"ನಾಳೆ ಅಂತಾನೇ ಇದ್ದೆ. ಅಂತಾನೇ ಇರ್ತಿದ್ದೆ. ಹೆತ್ತವಳು ನಾನು." ಹೆಗಲ ಮೇಲಿನ ವಸ್ತ್ರದಿಂದ ಮೂಗೊರೆಸಿಕೊಂಡಳು. ಆಮೇಲೆ ಗಿರಾಕಿಗಳನ್ನು ಕೇಳುವ ಅದೇ ದನಿಯಲ್ಲಿ ಕೇಳಿದಳು: "ಏನಂತ ಕೇಳ್ದೆ? ಸರಿಯಾಗಿ ಹೇಳು."

"ಸುತಿನ್‌ಗೆ ಕೆಂಪು ಬರ್ಲಿ ಅಂತ."

"ಅಷ್ಟೇನಾ?"

"ಅಷ್ಟೇ."

"ವಾಪಸ್ ಬರೋದು?"

ನಾನು ದುಡ್ಡು ಎಣಿಸತೊಡಗಿದೆ.

"ವಾಪಸ್ ಬರೋದು ಹೇಳಿಲ್ವಾ? ಹದಿನೇಳು ವರ್ಷ ನನ್ನ ಪಕ್ಕದಲ್ಲಿ ಕೂತು ಇಷ್ಟೇನಾ ನೀನು ಕಲಿತಿದ್ದು?"

ಅವಳು ಹೇಳಿದ್ದು ಸರಿ. ಅಕ್ಕ ಮೊಟ್ಟೆಗಳನ್ನು ತಟ್ಟೆಗಳಿಗೆ ತುಂಬಿದಳು. ತಮ್ಮನೆಂದು ಒಂದು ಕಾಸೂ ಬಿಡಲಿಲ್ಲ, ನಾನೂ ಬಿಡು ಎನ್ನಲಿಲ್ಲ. ತಟ್ಟೆಗಳನ್ನು ಗುಡಿಯ ಮುಂದೆ ಇಟ್ಟೆವು. "ಕುಣಿ" ಎಂದಳು.

ಕುಣಿದೆ. ಅದಕ್ಕೆ ಕುಣಿತ ಎನ್ನಬೇಕೋ ಏನನ್ನಬೇಕೋ. ಸುತಿನ್ ಬಕೆಟ್ ಬೋರಲು ಹಾಕಿ ಬಡಿದ. ಕೆಂಪು ಬಂದವರು, ಕಪ್ಪು ಬಂದವರು, ಎಲ್ಲರೂ ಬೇಲಿಗೆ ಸಾಲಾಗಿ ನಿಂತು ನೋಡಿದರು. ನಾನು ಮರ ಸುತ್ತುತ್ತಿದ್ದಾಗ ಅಕ್ಕ ಗುಡಿಯ ಮುಂದೆ ಮಂಡಿಯೂರಿ, ಗಟ್ಟಿಯಾಗಿ, ತಡವರಿಸದೆ ಹೊಸ ಹರಕೆ ಹೊರುತ್ತಿದ್ದಳು. ಪ್ರತಿ ಸುತ್ತಿಗೂ ಅವಳ ಹತ್ತಿರ ಬಂದಾಗ ಒಂದೊಂದು ತುಂಡು ನನ್ನ ಕಿವಿಗೆ ಬೀಳುತ್ತಿತ್ತು. ಮೊದಲ ಸುತ್ತಿನಲ್ಲಿ ಹುಡುಗನ ಹೆಸರು, ತಂದೆಯ ಹೆಸರು. ಎರಡನೆಯದರಲ್ಲಿ ಮನೆ ನಂಬರು. ನಾಲ್ಕನೆಯದರಲ್ಲಿ ಸೈನ್ಯಕ್ಕೆ ಸೇರುವ ತಿಂಗಳು, ಐದನೆಯದರಲ್ಲಿ ಬಿಟ್ಟು ಬರುವ ತಿಂಗಳು, ಇಸವಿ ಸಮೇತ. ಏಳನೆಯದರಲ್ಲಿ ಎರಡು ಕಣ್ಣು, ಎರಡು ಕೈ. ಎಂಟನೆಯ ಸುತ್ತಿಗೆ ನನ್ನ ಮರದ ಕಾಲಿನ ಪಟ್ಟಿ ಸಡಿಲಾಯಿತು, ಮರ ಹಿಡಿದು ನಿಂತು ಬಿಗಿದುಕೊಂಡೆ. ಆಗ ಕೇಳಿಸಿತು.

"ಬಲಗಾಲು ತಗೊಂಡು ಬಂದ್ರೆ ನೂರು ಮೊಟ್ಟೆ. ಎಡಗಾಲು ತಗೊಂಡು ಬಂದ್ರೆ ಇನ್ನೂ ನೂರು. ಎಡಗಾಲು ಅಂತ ಬೇರೆ ಹೇಳ್ತಿದೀನಿ ಒಡೆಯರೇ, ಹೋದ ಸಲ ನಮ್ಮಮ್ಮ ಹೇಳಿರ್ಲಿಲ್ಲ."

ಒಂಬತ್ತನೆಯ ಸುತ್ತು ಮುಗಿಸಿದೆ. ನನ್ನ ಹರಕೆ ಅಲ್ಲಿಗೆ ತೀರಿತ್ತು. ಸುತಿನ್ ಬಕೆಟ್ ಬಡಿಯುವುದನ್ನು ನಿಲ್ಲಿಸಿದ. ನಾನು ಹತ್ತನೆಯದನ್ನೂ ಸುತ್ತಿದೆ.